ತಾತನ ಕೋವಿಗೊಂದು ಸಹಿ

ದಟ್ಟಗಳ್ಳಿ, ಮೈಸೂರು
8 ಜೂನ್ 2025

ರಂಜನಿ ಮೇಡಂಗೆ ನಮಸ್ಕಾರ.

ನಾನು ತನ್ಮಯಿ. ಬಿಎಸ್ಸಿ ಎರಡನೇ ವರ್ಷ, ಸರಸ್ವತಿಪುರಂನಲ್ಲಿ ಕಾಲೇಜು, ಎನ್‌ಸಿಸಿ ಕೆಡೆಟ್. ನಿಮ್ಮ ಫ್ಯಾನ್. ಇದನ್ನ ಪೆನ್ನಲ್ಲಿ ಬರೆದರೆ ಒಂಥರಾ ನಾಚಿಕೆ ಆಗುತ್ತೆ, ಆದರೆ ನಿಜ. ನೀವು ಸ್ಪರ್ಧೆಯಲ್ಲಿ ರೈಫಲ್ ಹಿಡಿದು ಮಲಗಿ ಗುರಿ ಇಟ್ಟಿರೋ ಹಳೇ ಫೋಟೋ ನನ್ನ ಫೋನಿನ ವಾಲ್‌ಪೇಪರ್. ನೀವು ನಮ್ಮ ಒಂಟಿಕೊಪ್ಪಲ್‌ನವರು ಅಂತ ಗೊತ್ತಾದ ದಿನ ಎಲ್ಲಾ ಗ್ರೂಪಿಗೂ ಕಳಿಸಿದೆ. ನನಗೆ ಒಂಟಿಕೊಪ್ಪಲ್‌ನಲ್ಲಿ ಒಬ್ಬರೂ ಗೊತ್ತಿಲ್ಲ, ಆದರೂ ನಮ್ಮವರು ಅಂದುಕೊಂಡೆ.

ನೀವು ಅಕೌಂಟ್ ಮುಚ್ಚೋ ಮೊದಲು ಒಂದು ಪೋಸ್ಟ್ ಹಾಕಿದ್ದಿರಿ. "ಕಾನೂನು ಪಾಲಿಸುವವರ ಮನೆಯಲ್ಲಿ ಬಂದೂಕು ಇದ್ದರೆ ಯಾರಿಗೂ ತೊಂದರೆಯಿಲ್ಲ. ಜಗಳ ಆಡುವವರು ಕಾಗದದಲ್ಲಿ ಬರೆಯಿರಿ, ಅಷ್ಟು ತಾಳ್ಮೆ ಇದ್ದವರಿಗೆ ಉತ್ತರ ಕೊಡುತ್ತೇನೆ" ಅಂತ. ಕೆಳಗೆ ಡೆಹ್ರಾಡೂನಿನ ನಿಮ್ಮ ಶೂಟಿಂಗ್ ಸ್ಕೂಲಿನ ವಿಳಾಸ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೆ. ಈಗ ಜಗಳ ಆಡಲು ಬಂದಿದ್ದೇನೆ, ಸಾರಿ.

ನನಗೂ ಶೂಟಿಂಗ್ ರೇಂಜಿನಲ್ಲಿ ಗುಂಡು ಹೊಡೆಯೋದು ಇಷ್ಟ. ಆದರೆ ರೇಂಜ್ ಬೇರೆ, ಮನೆ ಬೇರೆ. ಮನೆಯಲ್ಲಿ ಬಂದೂಕು ಇರಲೇಬಾರದು ಅನ್ನೋದು ನನ್ನ ಪಾಯಿಂಟ್. ಲೈಸೆನ್ಸ್ ಇದ್ದರೂ ಅಷ್ಟೇ. ಇದನ್ನೇ ನಮ್ಮ ಗ್ರೂಪಲ್ಲಿ ಹಾಕಿದೆ. ಬೆಳಗಾಗೋದರೊಳಗೆ ಮುನ್ನೂರು ರಿಪ್ಲೈ. ಒಬ್ಬ "ಫಸ್ಟು ಸೊಳ್ಳೆ ಬ್ಯಾಟ್ ಬ್ಯಾನ್ ಮಾಡ್ಸಮ್ಮ" ಅಂದ. ಇನ್ನೊಬ್ಬ "ಹೊಲಕ್ಕೆ ಹಂದಿ ಬಂದಾಗ ನಿನ್ನನ್ನೇ ಕರೀತೀವಿ ಬಾ" ಅಂದ. ಅಡ್ಮಿನ್ ಅಭಿಲಾಷ್ ಕೊನೆಗೆ ಥ್ರೆಡ್ಡನ್ನೇ ಲಾಕ್ ಮಾಡಿದ. ಮುನ್ನೂರರಲ್ಲಿ ಒಬ್ಬರೂ "ಯಾಕೆ ಹಾಗಂತೀಯ?" ಅಂತ ಕೇಳಲಿಲ್ಲ ಮೇಡಂ.

ನೀವು ಕೇಳುತ್ತೀರಾ ಅಂತ ಬರೆಯುತ್ತಿದ್ದೇನೆ. ಕಾಗದಕ್ಕೆ ಬ್ಲೂ ಟಿಕ್ ಇಲ್ಲವಲ್ಲ, ಸೀನ್ ಆಯಿತಾ ಇಲ್ಲವಾ ಅಂತ ಗೊತ್ತಾಗಲ್ಲ, ಅದೊಂದು ಕಷ್ಟ.

ನಿಮ್ಮ ಫ್ಯಾನ್,
ತನ್ಮಯಿ


ಡೆಹ್ರಾಡೂನ್
23 ಜೂನ್ 2025

ತನ್ಮಯಿ ಅವರಿಗೆ,

ಸೀನ್ ಆಯಿತು.

ಜಗಳ ಆಡುತ್ತೇನೆಂದು ಹೇಳಿದ ನೂರಾರು ಜನರಲ್ಲಿ ಅಂಚೆಚೀಟಿ ಅಂಟಿಸಿದವರು ನೀವೊಬ್ಬರೇ. ಅದಕ್ಕಾಗಿ ಸಂತೋಷ. ವಾಲ್‌ಪೇಪರ್ ಬದಲಾಯಿಸಿ, ಆ ಫೋಟೋದಲ್ಲಿ ನನ್ನ ಮೊಣಕೈ ತಪ್ಪು ಜಾಗದಲ್ಲಿದೆ.

ಈಗ ನಿಮ್ಮ ಪಾಯಿಂಟಿಗೆ ಬರೋಣ. ನಮ್ಮ ದೇಶದಲ್ಲಿ ಬಂದೂಕಿನ ಲೈಸೆನ್ಸ್ ಅಂಗಡಿಯಲ್ಲಿ ಸಿಗುವುದಿಲ್ಲ. ಅರ್ಜಿ, ಪೊಲೀಸ್ ವಿಚಾರಣೆ, ಕಾಯುವುದು, ಆಮೇಲೆ ನವೀಕರಣ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕು. ಇಷ್ಟನ್ನೂ ಸಹಿಸಿಕೊಂಡು ಒಬ್ಬ ಮನುಷ್ಯ ಬಂದೂಕು ಇಟ್ಟುಕೊಂಡರೆ ಅವನನ್ನು ಅನುಮಾನದಿಂದ ನೋಡುವುದು ಯಾವ ನ್ಯಾಯ? ಕೊಲೆ ಮಾಡುವವನು ಲೈಸೆನ್ಸಿಗೆ ಕ್ಯೂ ನಿಲ್ಲುವುದಿಲ್ಲ.

ನಮ್ಮ ಒಂಟಿಕೊಪ್ಪಲ್ ಮನೆಯಲ್ಲೂ ಒಂದು ಬಂದೂಕು ಇದೆ. ಮುತ್ತಾತ ಅರಮನೆ ಸೇವೆಯಲ್ಲಿದ್ದಾಗಿನದು. ಅಪ್ಪ ಕೃಷ್ಣಸ್ವಾಮಿ ಪ್ರತಿ ಸಲ ತಪ್ಪದೆ ನವೀಕರಣ ಮಾಡಿಸಿದರು, ಈಗ ತಮ್ಮ ವಾಗೀಶ ಮಾಡಿಸುತ್ತಾನೆ. ನಾಲ್ಕು ತಲೆಮಾರಿನಲ್ಲಿ ಅದರಿಂದ ಒಬ್ಬರಿಗೂ ಗೀರು ಬಿದ್ದಿಲ್ಲ. ನಾನು ಅದರ ಕೆಳಗೇ ಕೂತು ಮಗ್ಗಿ ಕಲಿತವಳು.

ನೀವು ಏಕೆ ಹಾಗೆ ಹೇಳುತ್ತೀರಿ? ಕೇಳಿದ್ದೇನೆ, ಉತ್ತರ ಕೊಡಿ.

ರಂಜನಿ


ದಟ್ಟಗಳ್ಳಿ
1 ಜುಲೈ 2025

ಮೇಡಂ!!

ಕಾಗದ ಬಂತು! ಪೋಸ್ಟ್‌ಮ್ಯಾನ್ "ಯಾರಮ್ಮ ತನ್ಮಯಿ ಅಂದ್ರೆ? ಎಲ್‌ಐಸಿ ಅಲ್ಲ, ಬ್ಯಾಂಕ್ ಅಲ್ಲ, ನಿಜವಾದ ಲೆಟರು" ಅಂದರು. ಅಮ್ಮ "ಯಾವನೇ ಅವ್ನು?" ಅಂತ ಕೇಳಿದರು. ನಿಮ್ಮ ಹೆಸರು ತೋರಿಸಿದ ಮೇಲೆ ಸಮಾಧಾನ ಆಯಿತು.

ಉತ್ತರಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಫ್ರೆಂಡ್ ಸಿಂಚನ ಅಂತ ಇದ್ದಾಳೆ. ಅವರ ಊರು ಸರಗೂರಿನ ಆಚೆ, ಕಾಡಿನಂಚಿಗೆ. ಅವಳ ತಾತನಿಗೆ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇದ್ದ ಕೇಪಿನ ಕೋವಿ ಇತ್ತು. ಹಳೇ ಕಾಲದ್ದು. ನಳಿಕೆ ಬಾಯಿಂದ ಮದ್ದು, ಚರೆ ಹಾಕಿ ಗಿಡಿದು, ಹಿಂದುಗಡೆ ಸುತ್ತಿಗೆ ಥರ ಬಡಿಯೋ ಕುದುರೆಯ ಕೆಳಗೆ ಚಿಕ್ಕ ತಾಮ್ರದ ಕೇಪು ಇಟ್ಟು ಒತ್ತಿದರೆ ಹಾರುತ್ತೆ, ಕೇಪು ಇಲ್ಲದಿದ್ದರೆ ಇಲ್ಲ. ತಾತ ಹೋದ ವರ್ಷ ತೀರಿಕೊಂಡರು. ಕೋವಿ ಈಗ ಠಾಣೆಯಲ್ಲಿದೆ. ಚಿಕ್ಕಪ್ಪ ಅದನ್ನ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅದಕ್ಕೆ ಉಳಿದ ವಾರಸುದಾರರೆಲ್ಲ "ನಮ್ಮದೇನೂ ತಕರಾರಿಲ್ಲ" ಅಂತ ಸಹಿ ಹಾಕಬೇಕಂತೆ. ಸಿಂಚನಳ ಅಪ್ಪ ಇಲ್ಲ, ಹಾಗಾಗಿ ಅವರ ಪಾಲಿಗೆ ಅವಳೂ ಅವಳ ಅಮ್ಮನೂ ಹಾಕಬೇಕು. ಅಮ್ಮ "ನೀನ್ ಹಾಕಿದ್ರೆ ನಾನೂ ಹಾಕ್ತೀನಿ" ಅಂದುಬಿಟ್ಟಿದ್ದಾರೆ.

ಚಿಕ್ಕಪ್ಪನಿಗೆ ಕೋಪ ಜಾಸ್ತಿ. ಅವಳಿಗೆ ಹಾಕೋಕೆ ಇಷ್ಟ ಇಲ್ಲ. ಹಾಕದಿದ್ದರೆ ಊರಿನ ಮನೆಯವರು ಮಾತು ಬಿಡುತ್ತಾರೆ. ಅವಳು ಏನು ಮಾಡಬೇಕು ಮೇಡಂ? ನಿಮ್ಮ ಕಾನೂನು ಪಾಲಿಸುವವರ ಥಿಯರಿ ಪ್ರಕಾರ?

ಮೊಣಕೈ ಇನ್ನೂ ವಾಲ್‌ಪೇಪರಲ್ಲೇ ಇದೆ.

ತನ್ಮಯಿ


ಡೆಹ್ರಾಡೂನ್
14 ಜುಲೈ 2025

ಪ್ರಿಯ ತನ್ಮಯಿ,

ನಿಮ್ಮ ಗೆಳತಿಗೆ ಸಹಿ ಹಾಕಲು ಹೇಳಿ.

ಮೈಸೂರಿನ ಲೇಔಟಿನಲ್ಲಿ ಕೂತವಳಿಗೆ ಹಂದಿ ಎಂದರೆ ಫೋನಿನಲ್ಲಿ ಬರುವ ವಿಡಿಯೋ. ಜೋಳದ ಹೊಲ ಒಂದು ರಾತ್ರಿಯಲ್ಲಿ ಮಣ್ಣಾಗುವುದನ್ನು ನೋಡಿದವರಿಗೆ ಬೇರೆ. ಕೋವಿಯ ಸದ್ದೊಂದೇ ಸಾಕು, ಅರ್ಧ ಪ್ರಾಣಿಗಳು ತಿರುಗುತ್ತವೆ. ಕೋಪ ಯಾರಿಗಿಲ್ಲ? ನನಗೂ ಇದೆ, ಇಲ್ಲಿನ ಹುಡುಗರನ್ನು ಕೇಳಿ. ಕೋಪವಿದೆ ಎಂಬ ಒಂದೇ ಕಾರಣಕ್ಕೆ ರೈತನ ಕೈಯಿಂದ ಅವನ ಅಪ್ಪನ ಕೋವಿ ಕಿತ್ತುಕೊಳ್ಳುವುದು ಪಟ್ಟಣದವರ ಸೊಕ್ಕು. ಆಕೆ ಹೆದರಿಕೆಯನ್ನು ತತ್ವ ಎಂದುಕೊಂಡಿದ್ದಾಳೆ.

ಕಟುವಾಗಿ ಬರೆದೆ. ನಿಮಗಲ್ಲ, ಅವಳಿಗೆ.

ರಂಜನಿ


ಡೆಹ್ರಾಡೂನ್
18 ಆಗಸ್ಟ್ 2025

ತನ್ಮಯಿ,

ಒಂದು ತಿಂಗಳಿಂದ ನಿಮ್ಮ ಪತ್ರವಿಲ್ಲ. ಪರೀಕ್ಷೆಯೋ, ಕೋಪವೋ? ಕೋಪವಾದರೆ ಅದನ್ನೂ ಬರೆಯಿರಿ. ಇಲ್ಲಿ ಮಳೆ, ರೇಂಜ್ ಮುಚ್ಚಿದೆ, ಓದಲು ಸಮಯವಿದೆ.

ರಂಜನಿ


ದಟ್ಟಗಳ್ಳಿ
30 ಆಗಸ್ಟ್ 2025

ರಂಜನಿ ಅವರಿಗೆ,

ಸಿಂಚನ ಅನ್ನೋಳು ನನ್ನ ಕ್ಲಾಸಲ್ಲಿ ಇದ್ದಾಳೆ. ಅವರಪ್ಪ ಚೆನ್ನಾಗಿದ್ದಾರೆ, ಕುವೆಂಪುನಗರದಲ್ಲಿ ಸ್ಟೇಷನರಿ ಅಂಗಡಿ. ಅವಳ ಹೆಸರು ಸುಮ್ಮನೆ ತಗೊಂಡೆ. ಆ ಸಹಿ ಹಾಕಬೇಕಾದವಳು ನಾನು.

ನಾನು ಮೂರನೇ ಕ್ಲಾಸಲ್ಲಿದ್ದಾಗ ನಾವು ಊರಲ್ಲೇ ಇದ್ದೆವು. ಅಪ್ಪನಿಗೂ ಚಿಕ್ಕಪ್ಪ ಸಿದ್ದರಾಜುಗೂ ಬೋರ್‌ವೆಲ್ ನೀರಿಗೆ ಜಗಳ ಆಯಿತು. ದಿನಾ ಆಗೋ ಜಗಳವೇ. ಅವತ್ತು ಸಂಜೆ ಚಿಕ್ಕಪ್ಪ ಒಳಗೆ ಹೋಗಿ ಗೋಡೆಗೆ ಒರಗಿಸಿದ್ದ ಕೋವಿ ತಂದು ಅಪ್ಪನ ಎದೆಗೆ ಹಿಡಿದರು. ನಾನು ಜಗಲಿ ಮೇಲೆ ಹೋಂವರ್ಕ್ ಮಾಡುತ್ತಿದ್ದೆ. ಅಪ್ಪ ಅಲ್ಲಾಡಲಿಲ್ಲ. ಚಿಕ್ಕಪ್ಪನೇ ಕೆಳಗೆ ಇಳಿಸಿದರು. ಆಮೇಲೆ ಊರೆಲ್ಲಾ "ಸುಮ್ಕೆ ಹೆದರ್ಸಕ್ಕೆ ತೋರ್ಸ್ದೆ, ತುಂಬೇ ಇರ್ನಿಲ್ಲ" ಅಂತ ಹೇಳಿಕೊಂಡು ಓಡಾಡಿದರು. ಅದೇ ತಿಂಗಳು ನಾವು ದಟ್ಟಗಳ್ಳಿಗೆ ಬಂದೆವು. ಅಪ್ಪ ಆಮೇಲೆ ಆ ಮನೆಗೆ ಕಾಲಿಡಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಹಾರ್ಟ್ ಅಟ್ಯಾಕ್ ಆಗಿ ಹೋದರು. ಅವತ್ತು ಚಿಕ್ಕಪ್ಪ ನಮ್ಮ ಗೇಟಿನ ಆಚೆ ನಿಂತಿದ್ದು, ಒಳಗೆ ಬರದೆ ಹಾಗೇ ವಾಪಸ್ ಹೋದರು.

ಆ ಮನುಷ್ಯನಿಗೆ, ಅದೇ ಕೋವಿಗೆ, "ನನ್ನದೇನೂ ತಕರಾರಿಲ್ಲ" ಅಂತ ನಾನು ಸಹಿ ಹಾಕಬೇಕು. ಇದು ಹೆದರಿಕೆಯಾ, ತತ್ವವಾ, ಸೊಕ್ಕಾ, ನೀವೇ ಹೇಳಿ. ನಿಮ್ಮ ಮನೆಯಲ್ಲಿ ಬಂದೂಕಿನ ಕೆಳಗೆ ಮಗ್ಗಿ ಕಲಿತಿರಿ. ನಾನೂ ಮಗ್ಗಿ ಬರೆಯುತ್ತಾ ಇದ್ದೆ.

ಗ್ರೂಪಲ್ಲಿ ಆಗಿದ್ದರೆ ನಿಮ್ಮನ್ನ ಬ್ಲಾಕ್ ಮಾಡಿ ಮಲಗುತ್ತಿದ್ದೆ. ಕಾಗದದಲ್ಲಿ ಆಗಲ್ಲವಲ್ಲ. ನಿಮ್ಮ ಹಳೇ ಪತ್ರವನ್ನ ಡ್ರಾಯರ್ ತೆಗೆದಾಗೆಲ್ಲ ಓದಿ ಓದಿ ಉರಿದುಕೊಂಡೆ.

ತನ್ಮಯಿ


ಡೆಹ್ರಾಡೂನ್
9 ಸೆಪ್ಟೆಂಬರ್ 2025

ತನ್ಮಯಿ,

ಕ್ಷಮಿಸು. "ನೀವು" ಬಿಟ್ಟುಬಿಡುತ್ತೇನೆ, ಅದು ಈಗ ನಾಟಕವಾಗುತ್ತದೆ.

ಒಂದು ವಿಷಯ ನಾನು ನಿನಗೆ ಹೇಳಿರಲಿಲ್ಲ. ಒಂಟಿಕೊಪ್ಪಲ್ ಮನೆಯ ಬಂದೂಕಿಗೆ ಗುಂಡೇ ಇಲ್ಲ. ನನ್ನ ಅಜ್ಜನ ಕಾಲದಿಂದ ಯಾರೂ ಖರೀದಿಸಿಲ್ಲ. ನವರಾತ್ರಿಗೆ ಅಮ್ಮ ಅಂಬುಜಾ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಅಷ್ಟೇ ಅದರ ಕೆಲಸ. ಅದರಿಂದ ಯಾರಿಗೂ ಗೀರು ಬೀಳದಿರುವುದು ದೊಡ್ಡ ಮಾತಲ್ಲ. ಅದನ್ನು ಇಟ್ಟುಕೊಂಡು ನಿನ್ನ ಊರಿನ ಕೋವಿಯ ಬಗ್ಗೆ ತೀರ್ಪು ಕೊಟ್ಟೆ.

ಹಾಗೆಂದು ನನ್ನ ಅಭಿಪ್ರಾಯ ಬದಲಾಗಿಲ್ಲ. ಬೆಳೆ ಕಾಯುವವನಿಗೆ ಕೋವಿ ಬೇಕು, ಕಾನೂನು ಕೊಡಲಿ. ಆದರೆ ರೇಂಜಿನಲ್ಲಿ ನನಗೊಂದು ಅಧಿಕಾರವಿದೆ. ಯಾರ ಕೈ ಸರಿಯಿಲ್ಲ ಅನಿಸಿದರೆ ಅವರನ್ನು ಶೂಟಿಂಗ್ ಲೈನಿನಿಂದ ಎಬ್ಬಿಸಿ ಕಳಿಸಬಹುದು. ಹಿಂದೆ ಇಬ್ಬರನ್ನು ಕಳಿಸಿದ್ದೇನೆ. ಒಬ್ಬನ ತಂದೆ ದೊಡ್ಡ ಅಧಿಕಾರಿ, ಗಲಾಟೆ ಮಾಡಿದರು. ಕಳಿಸಿದ್ದು ಕಳಿಸಿದ್ದೇ. ಆದರೆ ಕಳಿಸುವ ಮುಂಚೆ ಅವರ ಮುಖಕ್ಕೇ ಹೇಳಿದ್ದೆ, ಬೆನ್ನ ಹಿಂದೆ ಅಲ್ಲ.

ನಿನಗೆ ಈಗ ಆ ಅಧಿಕಾರ ಇದೆ. ನಿನ್ನ ಬದಲು ನಾನು ಅದನ್ನು ಬಳಸಲಾರೆ. ಗ್ರೂಪಿನ ಮುನ್ನೂರು ಜನರ ಹತ್ತಿರ ಜಗಳ ಆಡಿದೆ, ನನ್ನ ಹತ್ತಿರ ಆಡಿದೆ. ನಿಮ್ಮ ಚಿಕ್ಕಪ್ಪನ ಹತ್ತಿರ ಒಂದು ಸಲವಾದರೂ ಮಾತಾಡಿದ್ದೀಯಾ?

ರಂಜನಿ


ದಟ್ಟಗಳ್ಳಿ
29 ಸೆಪ್ಟೆಂಬರ್ 2025

ಮೇಡಂ,

ಹೋಗಿದ್ದೆ. ದಸರಾ ರಜ ಅಂತ ಬಸ್ಸಲ್ಲಿ ನಿಲ್ಲೋಕೂ ಜಾಗ ಇರಲಿಲ್ಲ. ಆಗಿದ್ದನ್ನ ಹಾಗೇ ಬರೆಯುತ್ತೇನೆ.

ಅಜ್ಜಿ ಸಾಕಮ್ಮ ಬಾಗಿಲಲ್ಲೇ ಹಿಡಿದುಕೊಂಡು ಅತ್ತರು. ಚಿಕ್ಕಮ್ಮ ಪ್ರೇಮಮ್ಮ ಕಾಫಿ ಕೊಟ್ಟರು. ಚಿಕ್ಕಪ್ಪ ನೇರ ಹೊಲಕ್ಕೆ ಕರೆದುಕೊಂಡು ಹೋದರು. ಮುಸುಕಿನ ಜೋಳ ಹಾಕಿದ್ದಾರೆ. ಕಾಡಿನ ಕಡೆಯ ಅರ್ಧ ಹೊಲ ಮಲಗಿತ್ತು, ಯಾರೋ ರೋಡ್ ರೋಲರ್ ಓಡಿಸಿದ ಹಾಗೆ. ತೆನೆಯನ್ನೆಲ್ಲ ಹಂದಿಗಳು ಅರ್ಧರ್ಧ ಕಚ್ಚಿ ಬಿಸಾಕಿದ್ದವು. ನೀವು ಬೈದಿದ್ದು ಸರಿ, ನಾನು ವಿಡಿಯೋದಲ್ಲಿ ಮಾತ್ರ ನೋಡಿದ್ದೆ.

"ನೋಡ್ದಾ? ತಗಡು ಬಡುದ್ರೆ ಅವ್ಕೇ ತಾಳ ಹಾಕ್ದಂಗೆ. ಈಗ ಯೋಳು, ಸೈನ್ ಯಾಕ್ ಹಾಕ್ತಿಲ್ಲ?" ಅಂದರು.

"ನೀವು ಅಪ್ಪಂಗೆ ಕೋವಿ ಹಿಡಿದಿದ್ರಿ. ಅದಕ್ಕೆ" ಅಂದೆ.

"ಅಯ್ಯೋ ಅದಾ! ಅದ್ನ ಇನ್ನೂ ಕಟ್ಕೊಂಡಿದ್ದೀಯಾ? ತುಂಬಿರ್ನಿಲ್ಲ ಕಣವ್ವ. ನಮ್ಮಣ್ಣಂಗೆ ನಾನು ಹೊಡೆದೇನಾ? ಬರೀ ಕಬ್ಬಿಣದ ಕೋಲು ಅವತ್ತದು."

"ತುಂಬಿಲ್ಲ ಅಂತ ನಿಮಗೆ ಹೇಗ್ ಗೊತ್ತು?"

"ನಮ್ಮನೇಲಿ ಕೋವಿಗೆ ಕೇಪು ಹೊಲಕ್ಕೆ ಹೋದ್ಮೇಲೇ ಇಡದು, ಮನೇಲಿ ಇಡಕಿಲ್ಲ. ನಮ್ಮಪ್ಪ ಮಾಡಿದ್ ನೇಮ. ಒಂದ್ ದಿನ ತಪ್ಪಿಲ್ಲ."

ಮನೆಗೆ ಬಂದ ಮೇಲೆ ಊಟಕ್ಕೆ ಕೂತಾಗಲೂ ಅದನ್ನೇ ಹೇಳುತ್ತಿದ್ದರು. "ಕಾಲೇಜ್ ಓದ್ತಾಳೆ, ಖಾಲಿ ಕೋವಿಗೆ ಹೆದ್ರುಕೊಂಡು ಕೂತವ್ಳೆ" ಅಂತ ಅಜ್ಜಿಗೆ ಹೇಳಿ ನಕ್ಕರು. ಚಿಕ್ಕಮ್ಮ ಮುದ್ದೆ ಇಡುತ್ತಿದ್ದವರು ಹಾಗೇ ನಿಂತರು.

"ಖಾಲಿ ಇರ್ನಿಲ್ಲ" ಅಂದರು.

"ಏನು?"

"ಖಾಲಿ ಇರ್ನಿಲ್ಲ ಅಂದೆ. ಮಾವನ ಕೈ ನಡುಗ್ತಿತ್ತಲ್ಲ, ತುಂಬೋಳು ನಾನೇ ಅಲ್ವಾ. ಅವತ್ತು ಹಂದಿ ಹೊತ್ತಿರಂಗೇ ಇಳ್ದಿದ್ವು. ಮಾವ ಈಗ್ಲೇ ಹೋಯ್ತೀನಿ, ಕೇಪೂ ಇಟ್ಟೇ ಕೊಡು ಅಂದ್ರು. ಇಟ್ಟು ಗೋಡೆಗೆ ಒರಗ್ಸಿ, ಅವ್ರು ಚಪ್ಪಲಿ ಮೆಟ್ಕೊಂಡ್ ಬರೋ ಅಷ್ಟ್ರಲ್ಲಿ ನೀವು ಬಂದು ಎತ್ಕೊಂಡ್ ಹೋದ್ರಿ. ನಾನ್ ಕೂಗ್ದೆ. ನಿಮ್ ಕೂಗಾಟದಲ್ಲಿ ಯಾರ್ಗ್ ಕೇಳ್ತು?"

ಅಜ್ಜಿ "ಸುಮ್ನಿರೇ ಪ್ರೇಮಾ" ಅಂದರು. ಅಂದರೆ ಅಜ್ಜಿಗೂ ಗೊತ್ತಿತ್ತು. ತಾತನಿಗೂ ಗೊತ್ತಿತ್ತು. ಚಿಕ್ಕಪ್ಪ ಒಬ್ಬರಿಗೇ ಗೊತ್ತಿರಲಿಲ್ಲ. ಮನೆಯವರೆಲ್ಲ ಸೇರಿ ಅವರಿಗೆ ಹೇಳದೆ ಬಿಟ್ಟಿದ್ದರು.

"ಇಷ್ಟ್ ವರ್ಸ ಯಾಕ್ ಯೋಳ್ನಿಲ್ಲ ನೀನು?" ಅಂತ ಚಿಕ್ಕಪ್ಪ ಕೇಳಿದರು. ಕೂಗಲಿಲ್ಲ.

"ಯೋಳುದ್ರೆ ನೀವು ಬದ್ಕಿರ್ತಿದ್ರಾ?" ಅಂದರು ಚಿಕ್ಕಮ್ಮ.

ಅವರು ಎಡಗೈಯಲ್ಲಿ ತಟ್ಟೆ ಸರಿಸಿ ಎದ್ದು ಹೋದರು. ನಾನು ಬಸ್ಸು ಹತ್ತೋವರೆಗೂ ವಾಪಸ್ ಬರಲಿಲ್ಲ. ನಾನು ಸಹಿ ಹಾಕಿಲ್ಲ, ಯಾರೂ ಕೇಳಲೂ ಇಲ್ಲ.

ನಾನು ವಾದ ಗೆದ್ದೆ ಅಲ್ಲವಾ ಮೇಡಂ? ಗ್ರೂಪಲ್ಲಿ ಹಾಕಿದ್ದರೆ ಮುನ್ನೂರು ಜನರ ಬಾಯಿ ಮುಚ್ಚುತ್ತಿತ್ತು. ಹಾಕೋಕೆ ಮನಸ್ಸೇ ಬರಲಿಲ್ಲ.

ತನ್ಮಯಿ


ಡೆಹ್ರಾಡೂನ್
8 ಅಕ್ಟೋಬರ್ 2025

ತನ್ಮಯಿ,

ಒಂದು ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯದೆ ಇಟ್ಟುಕೊಂಡರೆ ನಾನೂ ನಿಮ್ಮ ಅಜ್ಜಿಯ ಗುಂಪಿಗೆ ಸೇರುತ್ತೇನೆ.

ನಮ್ಮ ಸ್ಕೂಲಿನಲ್ಲಿ ಅಂಥ ಹಳೆಯ ಕೋವಿಯೊಂದಿದೆ, ಮಕ್ಕಳಿಗೆ ತೋರಿಸಲು. ನಿನ್ನ ಪತ್ರ ಓದಿದ ಮೇಲೆ ಖಾಲಿ ಕೋವಿಗೆ ಹಳೆಯ, ಸಿಡಿದು ಹೋದ ಕೇಪೊಂದನ್ನು ಇಟ್ಟು, ಸಹೋದ್ಯೋಗಿಯ ಕೈಗೆ ಕೊಟ್ಟು, ಎದುರಿನ ಗೋಡೆಯ ಪಕ್ಕದಿಂದ ನೋಡಿದೆ. ಕುದುರೆ ಎತ್ತಿದ್ದರೆ ಕೆಳಗಿನ ತಾಮ್ರ ಚೆನ್ನಾಗಿ ಕಾಣುತ್ತದೆ. ಹಿಡಿದವನಿಗಿಂತ ಎದುರು ನಿಂತವನಿಗೇ ಹೆಚ್ಚು.

ನಿಮ್ಮಪ್ಪ ಆ ಮನೆಯಲ್ಲೇ ಬೆಳೆದವರು. ಕೇಪು ಎಲ್ಲಿರುತ್ತದೆಂದು ಅವರಿಗೆ ಗೊತ್ತಿತ್ತು, ಅವತ್ತು ಅದು ಕಣ್ಣಿಗೆ ಬಿದ್ದೂ ಇರಬೇಕು. ನಿನ್ನ ಅಮ್ಮನನ್ನು ಕೇಳು.

ರಂಜನಿ


ದಟ್ಟಗಳ್ಳಿ
27 ಅಕ್ಟೋಬರ್ 2025

ಮೇಡಂ,

ಅಮ್ಮನನ್ನ ಕೇಳಿದೆ. ಬಟ್ಟೆ ಮಡಿಸುತ್ತಿದ್ದರು. "ಗೊತ್ತಿತ್ತು" ಅಂದರು. ಮಡಿಸೋದು ನಿಲ್ಲಿಸಲಿಲ್ಲ.

"ಕೇಪು ಹೊಳೀತಿತ್ತಂತೆ. ಅಲ್ಲಾಡುದ್ರೆ ಅವ್ನು ಒತ್ಬುಡ್ತಾನೆ, ಅದುಕ್ಕೆ ಕಲ್ಲಿನಂಗೆ ನಿಂತೆ ಅಂದ್ರು. ರಾತ್ರಿಯೆಲ್ಲಾ ಅವ್ರ್ ಮೈ ಬೆಚ್ಚಗಿತ್ತು."

"ಅದಕ್ಕೇನಾ ಊರು ಬಿಟ್ಟಿದ್ದು? ಹೆದರಿಕೊಂಡು?"

"ನಿಮ್ಮಪ್ಪಂಗೆ ತನ್ ಬಗ್ಗೆ ಹೆದ್ರಿಕೆ ಇರ್ನಿಲ್ಲ ಕಣೇ. ಒಂದೇ ಮನೇಲಿದ್ರೆ ಇನ್ನೊಂದ್ ದಿನ ಹಿಂಗೇ ಆಗುತ್ತೆ, ನಾನ್ ಹೋದ್ರೆ ಹೋದೆ, ಸಿದ್ದ ಜೈಲಿಗ್ ಹೋಯ್ತಾನೆ, ಅವ್ನ್ ಮಕ್ಳು ಏನಾಗ್ಬೇಕು ಅಂದ್ರು. ಅವ್ನಿಗ್ ಯೋಳ್ಬೇಡ ಅಂತ ನನ್ ಕೈಲಿ ಆಣೆ ಹಾಕುಸ್ಕೊಂಡ್ರು."

ನಾನು ಇಷ್ಟು ವರ್ಷ ಅಪ್ಪ ಓಡಿ ಬಂದರು ಅಂತಲೇ ಅಂದುಕೊಂಡಿದ್ದೆ ಮೇಡಂ. ಚಿಕ್ಕಪ್ಪನೂ ಹಾಗೇ ಅಂದುಕೊಂಡಿದ್ದರು.

ಅಮ್ಮನ ಆಣೆ ಅಮ್ಮನದು, ನನ್ನದಲ್ಲ. ಎರಡು ದಿನ ಯೋಚನೆ ಮಾಡಿ ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಪಕ್ಕದಲ್ಲೇ ಇದ್ದರು, ತಡೆಯಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂತ "ಹಲೋ, ಹಲೋ" ಅಂದೆ. "ಇದ್ದೀನಿ ಕಣವ್ವ" ಅಂದರು. ಆಮೇಲೆ ಇಟ್ಟರು.

ದೀಪಾವಳಿ ಆದ ಮೇಲೆ ಶನಿವಾರ ಮನೆ ಗೇಟು ಸದ್ದಾಯಿತು. ಚಿಕ್ಕಪ್ಪ ಒಬ್ಬರೇ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಅರ್ಜಿ. ತಕರಾರಿಲ್ಲ ಅನ್ನೋ ಕಾಗದ ಅಂದುಕೊಂಡೆ. ಓದಿದೆ. ಕೋವಿಯನ್ನ ಸರ್ಕಾರಕ್ಕೇ ಒಪ್ಪಿಸುತ್ತೇವೆ, ನಮಗೆ ವಾರಸು ಬೇಡ ಅಂತ ಬರೆಸಿದ್ದರು. ಅಜ್ಜಿಯ ಹೆಬ್ಬೆಟ್ಟು, ಅವರ ಸಹಿ, ಎರಡೂ ಆಗಿತ್ತು.

"ಚಿಕ್ಕಪ್ಪ, ಹಂದಿಗೆ?" ಅಂದೆ. ನಾನೇ ಕೇಳಿದೆ ಮೇಡಂ! ಜೂನಿಂದ ಬೇಡ ಬೇಡ ಅಂದವಳು. ಚಿಕ್ಕಮ್ಮನ ಹೆಸರಿಗೆ ಮಾಡಿಸಬಹುದಲ್ಲಾ, ಸೊಸೆಗೂ ಕೊಡುತ್ತಾರಂತೆ, ಅಂತಲೂ ಹೇಳಿದೆ. ಅದನ್ನ ಮೊದಲೇ ಹುಡುಕಿ ಇಟ್ಟಿದ್ದೆ.

"ಕೇಳ್ದೆ. ಮುಟ್ಟಕಿಲ್ಲ ಅಂದ್ಲು. ಈ ಸಲಿ ಕಾಡಿನ್ ಕಡೆ ಹುರುಳಿ ಚೆಲ್ತೀನಿ, ಜೋಳ ಊರ್ ಕಡೀಕೆ. ತಿಂದಷ್ಟ್ ತಿನ್ಲಿ. ನನ್ ಕೈ ನಂಗೆ ಗೊತ್ತಾಯ್ತಲ್ಲ."

ಅಮ್ಮ ಸಹಿ ಹಾಕಿದರು. ಆಮೇಲೆ ನಾನು. ಈ ಸಹಿಯೂ ಸುಲಭ ಇರಲಿಲ್ಲ. ಅದರಿಂದ ಎಷ್ಟು ಜೋಳ ಹೋಗುತ್ತೆ ಅಂತ ಈಗ ನೋಡಿದ್ದೀನಲ್ಲ.

ನೀವು ಇನ್ನೂ ಒಪ್ಪಲ್ಲ ಅಂತ ಗೊತ್ತು. ಬೆಳೆ ಕಾಯೋನಿಗೆ ಕೋವಿ ಬೇಕು ಅಂತೀರಿ. ಪಕ್ಕದ ಹೊಲದವರ ಹತ್ತಿರ ಇದೆ, ಅವರ ಮನೆಯಲ್ಲಿ ಏನೂ ಆಗಿಲ್ಲ. ಅವರ ಕೋವಿಯನ್ನೂ ಕಿತ್ತುಕೊಳ್ಳಿ ಅಂತ ನನಗೆ ಮೊದಲಿನಷ್ಟು ಗಟ್ಟಿಯಾಗಿ ಈಗ ಹೇಳೋಕೆ ಬರಲ್ಲ. ಕಿತ್ತುಕೊಳ್ಳೋದು ಬೇಡ ಅಂತಲೂ ಹೇಳೋಕೆ ಬರಲ್ಲ. ನಾವು ಇದರ ಬಗ್ಗೆ ಇನ್ನೂ ಜಗಳ ಆಡೋಣ.

ಚಿಕ್ಕಪ್ಪ ಅರ್ಜಿ ಕವರಿಗೆ ಹಾಕಿಕೊಂಡು ಎದ್ದು ನಿಂತರು. ಅಪ್ಪನ ಫೋಟೋ ಕಡೆ ನೋಡಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಅಮ್ಮ ಅಡುಗೆಮನೆಯಿಂದಲೇ ಕೇಳಿದರು, "ಉಂಡ್ಕೊಂಡ್ ಹೋಯ್ತೀರಾ?"

ಅವರು ಹೊರಗಡೆ ಗೇಟು ನೋಡಿದರು, ಒಳಗಡೆ ನೋಡಿದರು. ಒಂದು ಚಪ್ಪಲಿ ಕಾಲಲ್ಲೇ ಇತ್ತು.

"ಇಕ್ಕಿ ಅತ್ಗೆ" ಅಂದು ಅದನ್ನೂ ಬಿಟ್ಟು ಒಳಗೆ ಬಂದರು.

ತನ್ಮಯಿ